ಹಳೆಯ ಅವೆಂಜರ್ ಮನೆಯಲ್ಲೇ ನೋಡಿಕೊಳ್ಳುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಮಾತೆಲ್ಲ ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ, ಬಿಎಸ್6 ಹೊಗೆ ನಿಯಮ ಬರುವುದಕ್ಕೆ ಮುಂಚಿನ ಬಜಾಜ್ ಅವೆಂಜರ್ ಬೈಕುಗಳಿಗೆ ಸಂಬಂಧಿಸಿದ್ದು. ಹ್ಯಾಂಡಲ್, ಸೀಟು, ಲೈಟು ಬದಲಿಸುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಹತ್ತು ವರ್ಷ ದಾಟಿದ ಗಾಡಿಗೆ ಮೊದಲ ದುಡ್ಡು ಟೈರು, ಬ್ರೇಕು, ಬೇರಿಂಗು, ವೈರಿಂಗಿಗೆ ಹೋಗಬೇಕು. ಅಲಂಕಾರ ಆಮೇಲೆ. ಬೇಡವೆನಿಸಿದಾಗ ಬಿಚ್ಚಿ ಹಳೆಯದನ್ನು ಕೂರಿಸಲು ಬರುವಂಥ ಅಲಂಕಾರವಾದರೆ ಇನ್ನೂ ಒಳ್ಳೆಯದು.

ನನ್ನದು ಯಾವ ಅವೆಂಜರ್ ಅಂತ ತಿಳಿಯುವುದು ಯಾಕೆ ಮುಖ್ಯ?

ಅಂಗಡಿಯಲ್ಲಿ ‘ಅವೆಂಜರ್ ಸ್ಪೇರ್ ಕೊಡಿ’ ಅಂದರೆ ತಪ್ಪು ಸಾಮಾನು ಕೈಗೆ ಬರುತ್ತದೆ. 180 ಸಿಸಿ ಗಾಡಿ ಬಂದದ್ದು 2005ರಲ್ಲಿ. ಆಯಿಲ್ ಕೂಲರ್ ಇರುವ 200 ಡಿಟಿಎಸ್‌ಐ 2007ರಲ್ಲಿ, 220 2010ರಲ್ಲಿ ಬಂದವು. 2015ರಲ್ಲಿ ಅದೇ 220 ಎಂಜಿನ್ನು ಕ್ರೂಸ್ ಮತ್ತು ಸ್ಟ್ರೀಟ್ ಅಂತ ಎರಡು ರೂಪ ತಳೆಯಿತು, ಜೊತೆಗೆ 150 ಸಿಸಿ ಸ್ಟ್ರೀಟ್ ಕೂಡ ಬಂತು. ಕ್ರೂಸ್‌ಗೆ ಸ್ಪೋಕ್ ಚಕ್ರ, ಎತ್ತರದ ಹ್ಯಾಂಡಲ್, ಕೆಲವಕ್ಕೆ ಮುಂದೆ ಗಾಜು. ಸ್ಟ್ರೀಟ್‌ಗೆ ಅಲಾಯ್ ಚಕ್ರ, ಕಪ್ಪು ಬಣ್ಣ. ಆರ್‌ಸಿಯಲ್ಲಿರುವ ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ಫೋನಿನಲ್ಲಿ ಫೋಟೊ ಇಟ್ಟುಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವಾಗ ಆ ಫೋಟೊ ಜೊತೆಗೆ ಬಿಚ್ಚಿದ ಹಳೆಯ ಸಾಮಾನನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ.

ಸೆಕೆಂಡ್‌ಹ್ಯಾಂಡ್ ಗಾಡಿ ಈಗಷ್ಟೇ ತಂದೆ. ಎಲ್ಲಿಂದ ಶುರು ಮಾಡಲಿ?

ಹಿಂದಿನವರು ‘ಮೊನ್ನೆ ತಾನೇ ಸರ್ವಿಸ್ ಆಗಿದೆ’ ಅಂದಿದ್ದರೂ ಆಗಿಲ್ಲ ಅಂತಲೇ ಇಟ್ಟುಕೊಳ್ಳಿ. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಪ್ಲಗ್‌ಗಳು, ಬ್ರೇಕ್ ಆಯಿಲ್, ಪೆಟ್ರೋಲ್ ಪೈಪು ಎಲ್ಲವನ್ನೂ ಒಂದೇ ಸಲ ಬದಲಿಸಿ. ಇಂಥ ದಿನ, ಇಷ್ಟು ಕಿಲೋಮೀಟರ್‌ಗೆ ಬದಲಿಸಿದ್ದು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ.

ಆಮೇಲೆ ಟೈರಿನ ವಯಸ್ಸು ನೋಡಿ. ಪಕ್ಕದ ಗೋಡೆಯ ಮೇಲೆ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತದೆ. 2318 ಅಂತಿದ್ದರೆ ಅದು 2018ನೇ ಇಸವಿಯ 23ನೇ ವಾರದ ಟೈರು. ಗುಂಡಿ ಆಳವಾಗಿಯೇ ಇದ್ದರೂ ಆರು ವರ್ಷ ದಾಟಿದ ರಬ್ಬರ್ ಗಟ್ಟಿಯಾಗಿರುತ್ತದೆ, ಮೊದಲ ಮಳೆಗೇ ಜಾರುತ್ತದೆ. ಸ್ಪೋಕ್ ಚಕ್ರದ ಗಾಡಿಯಾದರೆ ಒಳಗಿನ ಟ್ಯೂಬ್ ಮತ್ತು ರಿಮ್ ಟೇಪನ್ನೂ ಟೈರಿನ ಜೊತೆಗೇ ಬದಲಿಸಿ.

ಯಾವ ಯಾವ ಟೂಲ್ಸ್ ಬೇಕು?

8, 10, 12, 14, 17 ಮಿ.ಮೀ. ರಿಂಗ್ ಮತ್ತು ಟಿ ಸ್ಪ್ಯಾನರ್‌ಗಳು, ಅಲೆನ್ ಕೀ ಸೆಟ್, ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್, ಮಲ್ಟಿಮೀಟರ್, ಹಿಂದಿನ ಚಕ್ರ ಎತ್ತಲು ಪ್ಯಾಡಾಕ್ ಸ್ಟ್ಯಾಂಡ್. ಇವುಗಳ ಜೊತೆ ಒಂದು ಇಂಪ್ಯಾಕ್ಟ್ ಸ್ಕ್ರೂಡ್ರೈವರ್ ಇರಲಿ. ಹಳೆಯ ಗಾಡಿಯ ಸ್ಟಾರ್ ಸ್ಕ್ರೂಗಳು ಅಲ್ಯುಮಿನಿಯಮ್ ಜೊತೆ ಕಚ್ಚಿಕೊಂಡಿರುತ್ತವೆ, ಸಾದಾ ಸ್ಕ್ರೂಡ್ರೈವರ್ ತಿರುಗಿಸಿದರೆ ತಲೆ ಸವೆದು ಹೋಗುತ್ತದೆ. ಸುತ್ತಿಗೆಯಲ್ಲಿ ಎರಡು ಏಟು ಕೊಟ್ಟರೆ ಇದು ಬಿಡಿಸುತ್ತದೆ. ಆದರೆ ಕಾರ್ಬೊರೇಟರ್ ಮೇಲೆ ಈ ಏಟು ಬೇಡ. ಅಲ್ಲಿ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಟ್ಟು, ಸರಿಯಾಗಿ ಕೂರುವ ತುದಿಯ ಸ್ಕ್ರೂಡ್ರೈವರ್‌ನಿಂದ ಒತ್ತಿ ತಿರುಗಿಸಿ.

ಎಂಜಿನ್ ಆಯಿಲ್ ಯಾವುದು, ಎಷ್ಟು, ಹೇಗೆ?

20ಡಬ್ಲ್ಯು50, ಡಬ್ಬದ ಮೇಲೆ ‘ಜಾಸೊ ಎಂಎ’ ಅಂತ ಬರೆದಿರುವ ಬೈಕ್ ಆಯಿಲ್. ಕಾರಿನ ಆಯಿಲ್ ಎಷ್ಟೇ ದುಬಾರಿಯದಾದರೂ ಹಾಕಬೇಡಿ. ಈ ಎಂಜಿನ್ನಿನಲ್ಲಿ ಕ್ಲಚ್ ಪ್ಲೇಟುಗಳು ಅದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಘರ್ಷಣೆ ಕಡಿಮೆ ಮಾಡಲು ಕಾರಿನ ಆಯಿಲ್‌ಗೆ ಬೆರೆಸಿರುವ ಅಂಶ ಕ್ಲಚ್ ಹಿಡಿತವನ್ನೂ ಕಡಿಮೆ ಮಾಡುತ್ತದೆ. ಘಾಟಿ ಹತ್ತುವಾಗ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ.

ಗಾಡಿಯನ್ನು ಐದು ನಿಮಿಷ ಓಡಿಸಿ ಆಯಿಲ್ ಬೆಚ್ಚಗೆ ಮಾಡಿ, ನೇರವಾಗಿ ನಿಲ್ಲಿಸಿ. ಮೊದಲು ಮೇಲಿನ ಮುಚ್ಚಳ ಸಡಿಲಿಸಿ, ಆಮೇಲೆ ಕೆಳಗಿನ ಡ್ರೈನ್ ಬೋಲ್ಟ್ ತೆಗೆಯಿರಿ. ಹತ್ತು ನಿಮಿಷವಾದರೂ ಸೋರಲು ಬಿಡಿ. ಡ್ರೈನ್ ಬೋಲ್ಟಿನ ವಾಷರ್ ಹತ್ತು ರೂಪಾಯಿಯ ಸಾಮಾನು, ಪ್ರತಿ ಸಲ ಹೊಸದು ಹಾಕಿ. ಹಳೆಯ ವಾಷರ್‌ನಿಂದ ಹನಿ ಸೋರಿದಾಗ ಜನ ಬೋಲ್ಟನ್ನೇ ಇನ್ನಷ್ಟು ಬಿಗಿ ಮಾಡುತ್ತಾರೆ, ಎಂಜಿನ್ ಕೇಸಿನ ಅಲ್ಯುಮಿನಿಯಮ್ ಮರೆ (ಥ್ರೆಡ್) ಕಿತ್ತು ಬರುತ್ತದೆ. ಅಲ್ಲಿಗೆ ಲೇತ್ ಅಂಗಡಿಯ ಕೆಲಸ ಶುರುವಾಯಿತು ಅಂತಲೇ ಅರ್ಥ.

ಫಿಲ್ಟರ್ ಬದಲಿಸಿ, ಮೊದಲು ಒಂದು ಲೀಟರ್ ಸುರಿಯಿರಿ. ಎಂಜಿನ್ ಎರಡು ನಿಮಿಷ ಓಡಿಸಿ ನಿಲ್ಲಿಸಿ, ಐದು ನಿಮಿಷ ಬಿಟ್ಟು ಮಟ್ಟ ನೋಡಿ, ಕಡಿಮೆಯಿದ್ದರೆ 50 ಎಂ.ಎಲ್. ಲೆಕ್ಕದಲ್ಲಿ ಸೇರಿಸಿ. ಮೇಲಿನ ಗುರುತು ದಾಟಿಸಬೇಡಿ. ಹೆಚ್ಚಾದ ಆಯಿಲ್ ಬ್ರೀದರ್ ಪೈಪಿನಿಂದ ಏರ್ ಫಿಲ್ಟರ್ ಡಬ್ಬಕ್ಕೆ ಬರುತ್ತದೆ. ಹಳೆಯ ಎಂಜಿನ್ನಿಗೆ 3000 ಕಿ.ಮೀ. ಅಥವಾ ಆರು ತಿಂಗಳು, ಯಾವುದು ಮೊದಲೋ ಆಗ ಬದಲಿಸುವುದು ಕ್ಷೇಮ. ತೆಗೆದ ಆಯಿಲನ್ನು ಚರಂಡಿಗೆ ಸುರಿಯದೆ ಗ್ಯಾರೇಜಿಗೆ ಕೊಡಿ.

200 ಮತ್ತು 220ರಲ್ಲಿ ಎಂಜಿನ್ ಮುಂದಿರುವ ಆಯಿಲ್ ಕೂಲರ್‌ನ ರೆಕ್ಕೆಗಳ ಸಂದಿಯಲ್ಲಿ ಕೆಸರು ಒಣಗಿ ಕೂತಿರುತ್ತದೆ. ಮೆತ್ತನೆ ಬ್ರಷ್, ಸೋಪು ನೀರು ಸಾಕು. ಪ್ರೆಷರ್ ಗನ್ ಹತ್ತಿರ ಹಿಡಿದರೆ ರೆಕ್ಕೆ ಮಡಚಿಕೊಳ್ಳುತ್ತವೆ.

ಗಾಡಿ ಸ್ಟಾರ್ಟ್ ಆಗುತ್ತೆ, ಆದರೆ ಎಳೆತ ಇಲ್ಲ, ಮೈಲೇಜೂ ಬಿದ್ದಿದೆ. ಯಾಕೆ?

ಡಿಟಿಎಸ್‌ಐ ಎಂಜಿನ್ನಿಗೆ ಎರಡು ಪ್ಲಗ್. ಒಂದು ಸತ್ತರೂ ಇನ್ನೊಂದರ ಮೇಲೆ ಗಾಡಿ ಓಡುತ್ತದೆ, ಹಾಗಾಗಿ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಸುಲಭಕ್ಕೆ ಸಿಗುವ ಬದಿಯ ಪ್ಲಗ್ ಮಾತ್ರ ಬದಲಿಸಿ, ಕೈ ಹೋಗದ ಇನ್ನೊಂದನ್ನು ಹಾಗೇ ಬಿಟ್ಟಿರುವ ಗಾಡಿಗಳು ಎಷ್ಟೋ. ಎರಡನ್ನೂ ಬಿಚ್ಚಿ ಅಕ್ಕಪಕ್ಕ ಇಟ್ಟು ನೋಡಿ. ಎರಡರ ತುದಿಯೂ ತಿಳಿ ಕಂದು ಬಣ್ಣದ್ದಾಗಿರಬೇಕು. ಒಂದು ಒದ್ದೆಯಾಗಿ ಕಪ್ಪಗಿದ್ದರೆ ಅದರ ಕ್ಯಾಪ್, ವೈರ್, ಕಾಯಿಲ್ ಕಡೆ ಅನುಮಾನ. ಗ್ಯಾಪ್ 0.7ರಿಂದ 0.8 ಮಿ.ಮೀ.

ಎಂಜಿನ್ ಓಡುವಾಗ ಕ್ಯಾಪ್ ಕಿತ್ತು ಪರೀಕ್ಷೆ ಮಾಡುವುದು ಹಲವರ ಅಭ್ಯಾಸ. ಬೇಡ. ಹೊಡೆತ ನಿಮಗೂ ಬೀಳುತ್ತದೆ, ಕಿಡಿ ಹೊತ್ತಿಸುವ ಸಿಡಿಐ ಪೆಟ್ಟಿಗೆಗೂ ಕೆಡುಕು. ಒಂದು ಬಿಡಿ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಭಾಗ ಎಂಜಿನ್ನಿಗೆ ತಾಗುವಂತೆ, ಪೆಟ್ರೋಲ್ ವಾಸನೆಯಿಂದ ದೂರ ಇಟ್ಟು ಸೆಲ್ಫ್ ಹೊಡೆದು ಕಿಡಿ ನೋಡಿ.

ಕಾರ್ಬೊರೇಟರ್ ತೊಂದರೆಯನ್ನು ಗುರುತಿಸುವುದು ಹೇಗೆ?

ಗಾಡಿ ಯಾವ ಹಂತದಲ್ಲಿ ತಕರಾರು ಮಾಡುತ್ತದೆ ಎನ್ನುವುದರಲ್ಲೇ ಅರ್ಧ ಉತ್ತರ ಇದೆ.

ಥ್ರಾಟಲ್ ಹಿಡಿದುಕೊಂಡರೆ ಮಾತ್ರ ಓಡುತ್ತದೆ, ಬಿಟ್ಟರೆ ಆಫ್ ಆಗುತ್ತದೆ ಅಂದರೆ ಸ್ಲೋ ಜೆಟ್ (ಥ್ರಾಟಲ್ ಬಿಟ್ಟಾಗ ಪೆಟ್ರೋಲ್ ಕೊಡುವ ಸಣ್ಣ ಹಿತ್ತಾಳೆ ತುಂಡು) ಕಟ್ಟಿಕೊಂಡಿದೆ. ಅದರ ರಂಧ್ರ ಕೂದಲೆಳೆಯಷ್ಟೇ ಇರುವುದರಿಂದ ಎರಡು ತಿಂಗಳು ನಿಂತ ಗಾಡಿಯ ಅಂಟು ಪೆಟ್ರೋಲ್ ಸಾಕು. ಜೆಟ್ ಬಿಚ್ಚಿ ಕಾರ್ಬ್ ಕ್ಲೀನರ್ ಸ್ಪ್ರೇ, ಆಮೇಲೆ ಗಾಳಿ. ಸೂಜಿ, ತಂತಿ ತೂರಿಸಬೇಡಿ. ಹಿತ್ತಾಳೆ ಮೆತು, ರಂಧ್ರ ದೊಡ್ಡದಾದರೆ ಜೆಟ್ ಬಿಸಾಡುವುದೇ.

ಐಡಲ್ (ಥ್ರಾಟಲ್ ಕೊಡದಿದ್ದಾಗಿನ ಎಂಜಿನ್ ಓಟ) ಸರಿಯಿದೆ, ಆದರೆ ಅರ್ಧ ಥ್ರಾಟಲ್ ಮೇಲೆ ಏರುವುದೇ ಇಲ್ಲ ಅಂದರೆ ಮೇಲಿನ ಕಪ್ಪು ಮುಚ್ಚಳ ತೆಗೆದು ಡಯಾಫ್ರಾಮ್ ನೋಡಿ. ಇದು ಸಿವಿ ಮಾದರಿಯ ಕಾರ್ಬೊರೇಟರ್. ಇದರ ಸ್ಲೈಡನ್ನು ಕೇಬಲ್ ಎತ್ತುವುದಿಲ್ಲ, ಗಾಳಿಯ ಒತ್ತಡದ ವ್ಯತ್ಯಾಸ ಈ ರಬ್ಬರ್ ಪೊರೆಯ ಮೂಲಕ ಎತ್ತುತ್ತದೆ. ಪೊರೆಯನ್ನು ಬೆಳಕಿಗೆ ಹಿಡಿದು ನಿಧಾನ ಹಿಗ್ಗಿಸಿದರೆ ಸೂಜಿಮೊನೆಯಷ್ಟಿನ ತೂತೂ ಕಾಣುತ್ತದೆ. ಅಂಟು ಹಾಕಿ ಉಳಿಸಲು ಹೋಗಬೇಡಿ. ಕಾರ್ಬ್ ಕ್ಲೀನರನ್ನು ಈ ರಬ್ಬರಿನ ಹತ್ತಿರವೂ ಸುಳಿಯಗೊಡಬೇಡಿ, ಉಬ್ಬಿ ಮತ್ತೆ ಕೂರುವುದಿಲ್ಲ.

ಐಡಲ್ ಒಮ್ಮೆ ಏರುತ್ತೆ, ಒಮ್ಮೆ ಇಳಿಯುತ್ತೆ ಅಂದರೆ ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟಿರಬಹುದು. ಎಂಜಿನ್ ಓಡುತ್ತಿರುವಾಗ ಅಲ್ಲಿ ನೀರು ಸಿಂಪಡಿಸಿ. ಸದ್ದು ಬದಲಾದರೆ ಗಾಳಿ ಅಲ್ಲೇ ನುಗ್ಗುತ್ತಿದೆ. ಇದಕ್ಕೆ ಪೆಟ್ರೋಲೋ ಕಾರ್ಬ್ ಕ್ಲೀನರೋ ಸಿಂಪಡಿಸುವವರಿದ್ದಾರೆ. ಬಿಸಿ ಎಂಜಿನ್ನಿನ ಮೇಲೆ ಅದು ಬೆಂಕಿಗೆ ಆಹ್ವಾನ.

ಗಾಳಿ–ಪೆಟ್ರೋಲ್ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಮುಟ್ಟುವ ಮುಂಚೆ ಅದನ್ನು ಮೆಲ್ಲಗೆ ಪೂರ್ತಿ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತು ಅಂತ ಎಣಿಸಿ ಬರೆದುಕೊಂಡು ಮತ್ತೆ ಅಷ್ಟೇ ಹೊರಕ್ಕೆ ತನ್ನಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕಾಲು ಕಾಲು ಸುತ್ತು ತಿರುಗಿಸುತ್ತ, ಐಡಲ್ ಅತಿ ಹೆಚ್ಚಾಗುವ ಜಾಗದಲ್ಲಿ ನಿಲ್ಲಿಸಿ, ಆಮೇಲೆ ಐಡಲ್ ಸ್ಕ್ರೂನಿಂದ ವೇಗ ಇಳಿಸಿ.

ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲ್ ಹಾಕಿದರೆ ಹಳೆಯ ಗಾಡಿ ಕೆಡುತ್ತದೆಯೆ?

ಪಂಪಿನಲ್ಲಿ ಸಿಗುವುದೇ ಅದು. ದಿನಾ ಓಡಿಸುವ ಗಾಡಿಗಿಂತ ನಿಲ್ಲಿಸಿಡುವ ಗಾಡಿಗೆ ಅದರ ಕಾಟ ಹೆಚ್ಚು. ಎಥನಾಲ್ ಗಾಳಿಯ ತೇವ ಹೀರುತ್ತದೆ, ನೀರು ಹೆಚ್ಚಾದರೆ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ, ಅಲ್ಲಿಂದ ತುಕ್ಕು ಶುರು. ಹಳೆಯ ಪೆಟ್ರೋಲ್ ಪೈಪು, ಫ್ಲೋಟ್ ಬೌಲ್ ರಿಂಗ್, ಪೆಟ್ರೋಲ್ ಟ್ಯಾಪಿನ ವಾಷರ್ ಹೊಸದು ಹಾಕಿಸಿ, ಪೈಪಿನಲ್ಲಿ ಒಂದು ಸಣ್ಣ ಫಿಲ್ಟರ್ ಇರಲಿ. ಪೆಟ್ರೋಲ್‌ನಲ್ಲಿ ಎಥನಾಲ್ ಇದ್ದಷ್ಟೂ ಮಿಶ್ರಣ ತೆಳುವಾಗುತ್ತದೆ (ಗಾಳಿಯ ಪಾಲು ಹೆಚ್ಚಾಗುತ್ತದೆ), ಥಂಡಿ ಬೆಳಿಗ್ಗೆ ಸ್ವಲ್ಪ ಮೊಂಡಾಟ ಮಾಡುವುದು ಸಹಜ.

ಟ್ಯಾಂಕಿನೊಳಗೆ ತುಕ್ಕು ಹಿಡಿದಿದೆ.

ಟ್ಯಾಂಕ್ ಬಿಚ್ಚಿ, ಖಾಲಿ ಮಾಡಿ, ಟ್ಯಾಪ್ ಮತ್ತು ಫ್ಲೋಟ್ ಮೀಟರ್ ತೆಗೆದು ತೂತುಗಳನ್ನು ರಬ್ಬರ್ ತುಂಡಿನಿಂದ ಮುಚ್ಚಿ. ಸೋಪು ನೀರಿನಲ್ಲಿ ತೊಳೆದ ಮೇಲೆ ಒಂದು ಲೀಟರ್ ಬಿಸಿನೀರಿಗೆ 100 ಗ್ರಾಂ ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ಲೆಕ್ಕದಲ್ಲಿ ಕರಗಿಸಿ ಬಾಯಿವರೆಗೆ ತುಂಬಿ, ಒಂದು ರಾತ್ರಿ ಬಿಡಿ. ಮಾರನೇ ದಿನ ಸುರಿದು, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಕೂಡಲೇ ಹೇರ್ ಡ್ರೈಯರ್‌ನಿಂದ ಒಣಗಿಸಿ. ತಡ ಮಾಡಿದರೆ ಅರ್ಧ ಗಂಟೆಯಲ್ಲೇ ಮತ್ತೆ ಕೆಂಪು ಪುಡಿ ಏಳುತ್ತದೆ. ತಣ್ಣಗಾದ ಮೇಲೆ 2ಟಿ ಆಯಿಲ್ ಬೆರೆಸಿದ ಸ್ವಲ್ಪ ಪೆಟ್ರೋಲ್ ಹಾಕಿ ಒಳಗೆಲ್ಲ ಅಲ್ಲಾಡಿಸಿ. ತೂತಾದ ಟ್ಯಾಂಕಿಗೆ ಮನೆಯಲ್ಲಿ ವೆಲ್ಡಿಂಗ್ ಯೋಚನೆಯೇ ಬೇಡ. ಖಾಲಿ ಟ್ಯಾಂಕಿನ ಆವಿಯೇ ಸಿಡಿಯುವುದು.

ಚೈನು ಎಷ್ಟು ಸಡಿಲ ಇರಬೇಕು?

ಕೆಳಗಿನ ಭಾಗದ ನಡುವೆ ಮೇಲೆ ಕೆಳಗೆ ಆಡಿಸಿದರೆ 25–30 ಮಿ.ಮೀ. ಚಕ್ರ ತಿರುಗಿಸುತ್ತ ನಾಲ್ಕು ಜಾಗದಲ್ಲಿ ಅಳೆದು, ಅತಿ ಬಿಗಿಯಾದ ಜಾಗಕ್ಕೆ ಹೊಂದಿಸಿ. ಒಂದು ಕಡೆ ಬಿಗಿ, ಒಂದು ಕಡೆ ಜೋತು ಬಿದ್ದಿದ್ದರೆ ಚೈನು ಮುಗಿದಿದೆ. ಆಗ ಎರಡೂ ಸ್ಪ್ರಾಕೆಟ್ ಸಮೇತ ಸೆಟ್ ಬದಲಿಸಿ. ಬರೀ ಚೈನು ಬದಲಿಸಿದರೆ ಸವೆದ ಹಲ್ಲು ಹೊಸ ಚೈನನ್ನೂ ತಿನ್ನುತ್ತದೆ.

ತೊಳೆಯಲು ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್, ಮೆತ್ತನೆ ಬ್ರಷ್. ಪೆಟ್ರೋಲ್ ಮತ್ತು ತಂತಿ ಬ್ರಷ್ ಓ ರಿಂಗುಗಳನ್ನು ಹಾಳು ಮಾಡುತ್ತವೆ. ಒಣಗಿದ ಮೇಲೆ 90 ನಂಬರ್ ಗೇರ್ ಆಯಿಲ್ ಹಚ್ಚಿ, ಹೆಚ್ಚಿನದನ್ನು ಒರೆಸಿ. ಇದು 500 ಕಿ.ಮೀ.ಗೊಮ್ಮೆ, ಮಲೆನಾಡಿನ ಮಳೆಗಾಲದಲ್ಲಿ ಇನ್ನೂ ಬೇಗ. ಚಕ್ರವನ್ನು ಕೈಯಲ್ಲೇ ತಿರುಗಿಸಿ. ಎಂಜಿನ್ ಚಾಲೂ ಇಟ್ಟು ಗೇರಿಗೆ ಹಾಕಿ ಚೈನ್ ಒರೆಸಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ. ಚೈನು ಎಳೆದಾಗ ಹಿಂದಿನ ಬ್ರೇಕ್ ರಾಡ್ ಕೂಡ ಬಿಗಿಯಾಗುತ್ತದೆ, ಅದನ್ನು ಮತ್ತೆ ಹೊಂದಿಸುವುದು ಮರೆಯಬೇಡಿ.

ಮುಂದಿನ ಬ್ರೇಕ್ ಲಿವರ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತೆ.

ಆಯಿಲ್‌ನಲ್ಲಿ ಗಾಳಿ ಅಥವಾ ನೀರು ಸೇರಿದೆ. ಮುಚ್ಚಳದ ಮೇಲೆ ಬರೆದಿರುವ ದರ್ಜೆಯ (ಡಾಟ್ 3 ಅಥವಾ 4) ಹೊಸ ಸೀಲ್ಡ್ ಬಾಟಲಿ ತನ್ನಿ. ಕ್ಯಾಲಿಪರ್ ನಿಪ್ಪಲ್‌ಗೆ ಪಾರದರ್ಶಕ ಪೈಪು ಹಾಕಿ, ಇನ್ನೊಂದು ತುದಿ ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯೊಳಗೆ ಮುಳುಗಿರಲಿ. ಲಿವರ್ ಮೂರ್ನಾಲ್ಕು ಸಲ ಒತ್ತಿ ಹಿಡಿಯಿರಿ, ನಿಪ್ಪಲ್ ಕಾಲು ಸುತ್ತು ತೆರೆಯಿರಿ, ಮುಚ್ಚಿ, ಆಮೇಲಷ್ಟೇ ಲಿವರ್ ಬಿಡಿ. ಗುಳ್ಳೆ ನಿಲ್ಲುವವರೆಗೆ ಹೀಗೇ. ಮೇಲಿನ ಡಬ್ಬಿ ನಡುವೆ ಖಾಲಿಯಾದರೆ ಮತ್ತೆ ಮೊದಲಿನಿಂದ ಶುರು. ಟ್ಯಾಂಕಿನ ಮೇಲೆ ಹನಿ ಬಿದ್ದರೆ ತಕ್ಷಣ ನೀರು ಸುರಿಯಿರಿ, ಇಲ್ಲವಾದರೆ ಬಣ್ಣ ಏಳುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾವಣೆ ಸಾಕು.

80ರ ಮೇಲೆ ಹ್ಯಾಂಡಲ್ ನಡುಗುತ್ತೆ. ಕ್ರೂಸರ್ ಅಂದರೆ ಹಾಗೇನಾ?

ಅಲ್ಲ. ಮುಂದಿನ ಚಕ್ರ ನೆಲ ಬಿಡುವಂತೆ ಎತ್ತಿ ನಿಲ್ಲಿಸಿ ಹ್ಯಾಂಡಲನ್ನು ಎರಡು ಬೆರಳಿನಲ್ಲಿ ಎಡಕ್ಕೂ ಬಲಕ್ಕೂ ತಿರುಗಿಸಿ. ನಡುವೆ ‘ಟಕ್’ ಅಂತ ಸಿಕ್ಕಿ ನಿಂತರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಗುಳಿ ಬಿದ್ದಿದೆ. ಬಿಗಿ ಮಾಡಿದರೆ ಸರಿಹೋಗದು, ಬದಲಿಸಬೇಕು. ಫೋರ್ಕ್ ಹಿಡಿದು ಹಿಂದೆ ಮುಂದೆ ಎಳೆದಾಗ ಆಡಿದರೆ ಅದು ಸಡಿಲ. ಎರಡೂ ಸರಿಯಿದ್ದರೆ ಟೈರಿನ ಗಾಳಿ, ಚಕ್ರದ ಬೇರಿಂಗ್, ಸ್ವಿಂಗ್ ಆರ್ಮ್ ಬುಷ್, ಸ್ಪೋಕ್ ಬಿಗಿ, ಎರಡು ಚಕ್ರಗಳ ಸಾಲು ನೋಡಿ. ದೊಡ್ಡ ಗಾಜು, ಹಿಂದೆ ಭಾರದ ಚೀಲ ಹಾಕಿದ ಮೇಲೆ ಶುರುವಾದ ನಡುಕವಾದರೆ ಅವನ್ನು ಬಿಚ್ಚಿ ಒಮ್ಮೆ ಓಡಿಸಿ. ಕಾರಣ ಅಲ್ಲೇ ಸಿಗುವುದು ಹೆಚ್ಚು.

ಎತ್ತರದ ಹ್ಯಾಂಡಲ್ ಹಾಕಬಹುದೆ?

ಪೈಪಿನ ದಪ್ಪ ಹಳೆಯದರಷ್ಟೇ ಇರಬೇಕು. ನಿಜವಾದ ತೊಡಕು ಕೇಬಲ್ಲುಗಳದು. ಕ್ಲಚ್, ಥ್ರಾಟಲ್ ಕೇಬಲ್, ಬ್ರೇಕ್ ಹೋಸ್, ಸ್ವಿಚ್ ವೈರ್ ಎಲ್ಲಕ್ಕೂ ಉದ್ದ ಸಾಲಬೇಕು. ಕೂರಿಸಿದ ಮೇಲೆ ಎಂಜಿನ್ ಚಾಲೂ ಇಟ್ಟು ಹ್ಯಾಂಡಲನ್ನು ಎರಡೂ ಕೊನೆಗೆ ತಿರುಗಿಸಿ. ಐಡಲ್ ಏರಿದರೆ ಥ್ರಾಟಲ್ ಕೇಬಲ್ ಎಳೆಯುತ್ತಿದೆ, ಹಾಗೇ ರಸ್ತೆಗಿಳಿದರೆ ಯೂ ಟರ್ನ್‌ನಲ್ಲಿ ಗಾಡಿ ತಾನಾಗಿ ನುಗ್ಗುತ್ತದೆ. ಬೆನ್ನುನೋವಿಗಾಗಿ ಹ್ಯಾಂಡಲ್ ಬದಲಿಸುವವರು ಮೊದಲು ಇರುವ ಹ್ಯಾಂಡಲನ್ನೇ ಕ್ಲಾಂಪ್ ಸಡಿಲಿಸಿ ಸ್ವಲ್ಪ ತಮ್ಮ ಕಡೆಗೆ ತಿರುಗಿಸಿ ನೋಡಲಿ. ಖರ್ಚಿಲ್ಲದ ಕೆಲಸ.

ಹಿಂದೆ 150 ಟೈರ್?

ಬೇಡ. ಕಂಪನಿಯದು ಮುಂದೆ 90/90-17, ಹಿಂದೆ 130/90-15. ಆ ರಿಮ್ಮಿಗೆ ಇನ್ನೂ ಅಗಲದ ಟೈರ್ ಹಾಕಿದರೆ ಅದರ ಅಂಚು ಒಳಗೆ ಹಿಂಡಿಕೊಂಡು ನಡು ಉಬ್ಬುತ್ತದೆ, ರಸ್ತೆ ಮುಟ್ಟುವ ಭಾಗ ಹೆಚ್ಚಾಗುವುದಿಲ್ಲ, ಚೈನಿಗೆ ಉಜ್ಜುತ್ತದೆ.

ಸದ್ದು ಬರುವ ಸೈಲೆನ್ಸರ್?

ಗಾಳಿ ಸಲೀಸಾಗಿ ಹೋಗುವ ಪೈಪು ಹಾಕಿ ಜೆಟ್ ಬದಲಿಸದಿದ್ದರೆ ಮಿಶ್ರಣ ತೆಳುವಾಗುತ್ತದೆ. ಥ್ರಾಟಲ್ ಬಿಟ್ಟಾಗ ಪಟಪಟ ಸಿಡಿತ, ಪೈಪಿನ ಬುಡ ನೀಲಿ, ಎಕ್ಸಾಸ್ಟ್ ವಾಲ್ವ್‌ಗೆ ಹೆಚ್ಚು ಕಾವು. ಜೊತೆಗೆ ಏರ್ ಫಿಲ್ಟರ್ ಡಬ್ಬವನ್ನೂ ಕಿತ್ತರೆ ಸಿವಿ ಕಾರ್ಬೊರೇಟರ್ ಪೂರ್ತಿ ಲೆಕ್ಕ ತಪ್ಪುತ್ತದೆ. ಕಾನೂನಿನ ಕಡೆಯಿಂದ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ 10,000 ರೂಪಾಯಿವರೆಗೆ ದಂಡ ಇದೆ. ವಶಪಡಿಸಿಕೊಂಡ ಸೈಲೆನ್ಸರ್‌ಗಳ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸಿದ ಸುದ್ದಿಯನ್ನು ನೀವೂ ಓದಿರುತ್ತೀರಿ. ಕಂಪನಿ ಸೈಲೆನ್ಸರ್ ತುಕ್ಕು ಹಿಡಿದಿದ್ದರೆ ಅದೇ ಹೊಸದನ್ನು ಹಾಕಿ.

ಹೆಚ್ಚುವರಿ ಲೈಟು ಹಾಕುವಾಗ ಏನು ಗಮನಿಸಬೇಕು?

ಸುಟ್ಟ ವೈರಿಂಗಿನ ಹಿಂದೆ ಬಹುತೇಕ ಸಲ ಒಂದು ಅಗ್ಗದ ಲೈಟಿನ ಜೋಡಣೆ ಇರುತ್ತದೆ. ಲೆಕ್ಕ ಸರಳ: 20 ವ್ಯಾಟಿನ ಎರಡು ಎಲ್‌ಇಡಿ ಅಂದರೆ 40 ವ್ಯಾಟ್, 12 ವೋಲ್ಟಿಗೆ ಸುಮಾರು 3.3 ಆಂಪಿಯರ್. ಬ್ಯಾಟರಿ ಪಾಸಿಟಿವ್‌ನಿಂದ 5 ಆಂಪಿಯರ್ ಫ್ಯೂಸ್, ಅಲ್ಲಿಂದ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸಾಧನ), ಅಲ್ಲಿಂದ ಲೈಟ್. ಸ್ವಿಚ್ಚು ರಿಲೇಯನ್ನು ಮಾತ್ರ ನಡೆಸಲಿ, ಅದರ ಕರೆಂಟನ್ನು ಕೀ ಆನ್ ಆದಾಗ ಮಾತ್ರ ಬರುವ ವೈರಿನಿಂದ ತೆಗೆದುಕೊಳ್ಳಿ. ಫ್ಯೂಸ್ ಬ್ಯಾಟರಿಗೆ ಆದಷ್ಟು ಹತ್ತಿರ ಇರಬೇಕು, ವೈರ್ ಫ್ರೇಮಿಗೆ ಉಜ್ಜಿ ಶಾರ್ಟ್ ಆಗುವುದು ಅದರ ಮುಂದಿನ ದಾರಿಯಲ್ಲಿ. ಕಂಪನಿ ವೈರ್ ಕೊಯ್ದು ಕೈಯಲ್ಲಿ ತಿರುಚಿ ಟೇಪ್ ಸುತ್ತುವುದು ಒಂದು ಮಳೆಗಾಲದ ಆಯುಷ್ಯದ ಕೆಲಸ. ಬೆಸುಗೆ ಹಾಕಿ ಶ್ರಿಂಕ್ ಟ್ಯೂಬ್ ಹಾಕಿ.

ಇಂಡಿಕೇಟರ್‌ಗೆ ಎಲ್‌ಇಡಿ ಹಾಕಿದ ಮೇಲೆ ಬೇಗ ಬೇಗ ಮಿಣುಕಿದರೆ ಫ್ಲಾಶರನ್ನು ಎಲ್‌ಇಡಿಗೆ ಹೊಂದುವಂಥದ್ದಕ್ಕೆ ಬದಲಿಸಿ. ಎಲ್ಲ ಮುಗಿದ ಮೇಲೆ ಮಲ್ಟಿಮೀಟರ್ ಹಿಡಿಯಿರಿ. ಎಂಜಿನ್ ಆಫ್ ಇದ್ದಾಗ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್, ಎಂಜಿನ್ ಸ್ವಲ್ಪ ರೇಸ್ ಮಾಡಿದಾಗ 13.8ರಿಂದ 14.5. ಲೈಟು ಹಾಕಿದಾಗ 13ರ ಕೆಳಗೆ ಬಿದ್ದರೆ ಚಾರ್ಜಿಂಗ್ ಸಾಲುತ್ತಿಲ್ಲ. 220ಕ್ಕೆ ಕಿಕ್ಕರ್ ಇಲ್ಲ, ಬ್ಯಾಟರಿ ಕೈಕೊಟ್ಟರೆ ತಳ್ಳುವುದೇ ಗತಿ.

ಹಿಂದಿನ ಮಡ್‌ಗಾರ್ಡ್ ಕತ್ತರಿಸಿ, ಸೀರೆ ಗಾರ್ಡ್ ತೆಗೆದರೆ ಚೆನ್ನಾಗಿ ಕಾಣುತ್ತೆ ಅಲ್ವಾ?

ಕಾಣಬಹುದು. ಆದರೆ ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಹಿಂಬದಿ ಸವಾರರಿಗೆ ಹಿಡಿ, ಕಾಲಿಡಲು ಜಾಗ, ಹಿಂದಿನ ಚಕ್ರದ ಅರ್ಧವನ್ನಾದರೂ ಮುಚ್ಚುವ ರಕ್ಷಣೆ ಇರಲೇಬೇಕು. ಸೀರೆ, ದುಪಟ್ಟಾ ಚಕ್ರಕ್ಕೆ ಸಿಕ್ಕಿ ಆಗುವ ಅಪಘಾತ ಸಣ್ಣದಲ್ಲ. ಇದೊಂದನ್ನು ಬಿಟ್ಟುಬಿಡಿ.

ಟ್ಯಾಂಕಿಗೆ ಮನೆಯಲ್ಲೇ ಬಣ್ಣ ಹೊಡೆಯಬಹುದೆ?

ಹೊಡೆಯಬಹುದು. 320 ನಂಬರ್ ನೀರು ಕಾಗದ, ಆಮೇಲೆ ಪ್ರೈಮರ್, ಅದರ ಮೇಲೆ 600ರಲ್ಲಿ ಉಜ್ಜಿ ಬಣ್ಣದ ಮೂರು ತೆಳು ಕೋಟ್, ಒಂದೊಂದರ ನಡುವೆ ಹದಿನೈದು ನಿಮಿಷ. ಎಡವುವುದು ಕೊನೆಯ ಹಂತದಲ್ಲಿ. ಸಾದಾ ಸ್ಪ್ರೇ ಡಬ್ಬದ ಲ್ಯಾಕರ್ ಮೇಲೆ ಪೆಟ್ರೋಲ್ ಬಿದ್ದರೆ ಕರಗಿ ಅಂಟಾಗುತ್ತದೆ. ಗಟ್ಟಿಕಾರಕ ಬೆರೆಸುವ 2ಕೆ ಕ್ಲಿಯರ್ ಕೋಟ್ ಬೇಕು. ಅದರಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ವಿಷ, ಬಟ್ಟೆಯ ಮಾಸ್ಕ್ ತಡೆಯುವುದಿಲ್ಲ. ಸರಿಯಾದ ರೆಸ್ಪಿರೇಟರ್ ಇಲ್ಲದಿದ್ದರೆ ಆ ಕೊನೆಯ ಕೋಟನ್ನು ಪೇಂಟಿಂಗ್ ಅಂಗಡಿಯಲ್ಲಿ ಹೊಡೆಸಿ. ಬಣ್ಣವೇ ಬೇರೆಯಾದರೆ ಆರ್‌ಟಿಒದಲ್ಲಿ ಆರ್‌ಸಿಗೆ ದಾಖಲಾಗಬೇಕು.

ಯಾವ ಮಾರ್ಪಾಡು ಕಾನೂನುಬಾಹಿರ?

ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಬದಲಾವಣೆಯನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನೇ ಎತ್ತಿಹಿಡಿದಿದೆ. 182ಎ(4) ಪ್ರಕಾರ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಫ್ರೇಮ್ ಕತ್ತರಿಸುವುದು, ಬೇರೆ ಎಂಜಿನ್ ಕೂರಿಸುವುದು ನೇರ ಅಪರಾಧ. ಸೀಟಿನ ಕವರ್, ಹಿಂಬದಿ ಒರಗು, ಬ್ಯಾಗಿನಂಥ ಬಿಚ್ಚಿಡಬಹುದಾದ ಸಾಮಾನಿಗೆ ಸಾಮಾನ್ಯವಾಗಿ ಯಾರೂ ತಕರಾರು ಎತ್ತುವುದಿಲ್ಲ.

15 ವರ್ಷ ತುಂಬುತ್ತಿದೆ. ಮುಂದೆ?

ನೋಂದಣಿ ಅವಧಿ ಮುಗಿಯುವುದಕ್ಕೆ ಮುಂಚಿನ 60 ದಿನದೊಳಗೆ ಫಾರಂ 25ರಲ್ಲಿ ಅರ್ಜಿ ಹಾಕಿ. ಗಾಡಿ ತಪಾಸಣೆಯಾಗಿ ಪಾಸಾದರೆ ಐದು ವರ್ಷಕ್ಕೆ ನವೀಕರಣ. ಆ ದಿನಕ್ಕೆ ಗಾಡಿ ಕಂಪನಿ ರೂಪದಲ್ಲಿರಲಿ. ಹಳೆಯ ಸೈಲೆನ್ಸರ್, ಇಂಡಿಕೇಟರ್, ಕನ್ನಡಿ ಎಸೆಯಬೇಡಿ ಅನ್ನುವುದು ಅದಕ್ಕೇ. 2019ರ ಏಪ್ರಿಲ್ 1ಕ್ಕೆ ಮುಂಚೆ ನೋಂದಣಿಯಾದ ಗಾಡಿಗೆ ಕರ್ನಾಟಕದಲ್ಲಿ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್) ಪ್ಲೇಟ್ ಕೂಡ ಬೇಕು.

ಮಳೆಗಾಲದಲ್ಲಿ ಮೂರು ತಿಂಗಳು ಓಡಿಸುವುದಿಲ್ಲ. ಹೇಗೆ ಇಡಲಿ?

ಹೊಸ ಆಯಿಲ್ ಹಾಕಿ ಒಂದು ಸುತ್ತು ಓಡಿಸಿ ನಿಲ್ಲಿಸಿ, ಹಳೆಯ ಆಯಿಲ್‌ನ ಆಮ್ಲ ಬೇರಿಂಗ್ ತಿನ್ನುವುದು ತಪ್ಪುತ್ತದೆ. ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಟ್ಯಾಪ್ ಮುಚ್ಚಿ, ಫ್ಲೋಟ್ ಬೌಲ್ ತಳದ ಸ್ಕ್ರೂ ಸಡಿಲಿಸಿ ಖಾಲಿ ಮಾಡಿ. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ ಒಳಗೆ ತಂದಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಕ್ರೋಮ್ ಮೇಲೆ ವ್ಯಾಕ್ಸ್, ಚೈನಿಗೆ ದಪ್ಪ ಆಯಿಲ್, ಸೈಲೆನ್ಸರ್ ಬಾಯಿಗೆ ಎದ್ದು ಕಾಣುವ ಬಣ್ಣದ ಬಟ್ಟೆ (ಇಲಿ ಗೂಡು ಕಟ್ಟುತ್ತದೆ, ಬಟ್ಟೆ ಬಣ್ಣದ್ದಾದರೆ ಸ್ಟಾರ್ಟ್ ಮಾಡುವ ಮುಂಚೆ ತೆಗೆಯುವುದು ನೆನಪಾಗುತ್ತದೆ). ಪ್ಲಾಸ್ಟಿಕ್ ಹೊದಿಕೆ ಬೇಡ, ಒಳಗೆ ಬೆವರಿ ತುಕ್ಕು ಹೆಚ್ಚುತ್ತದೆ. ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವ ರೂಢಿಯೂ ಬೇಡ. ಎಂಜಿನ್ ಪೂರ್ತಿ ಬಿಸಿಯಾಗದೆ ಸೈಲೆನ್ಸರ್ ಒಳಗೆ ನೀರು ನಿಲ್ಲುತ್ತದೆ, ಸೆಲ್ಫ್ ಹೊಡೆದು ಖರ್ಚಾದ ಚಾರ್ಜು ಬ್ಯಾಟರಿಗೆ ವಾಪಸ್ ಬರುವುದಿಲ್ಲ. ಓಡಿಸುವುದಾದರೆ ಹತ್ತು ಕಿಲೋಮೀಟರ್ ಆದರೂ ಓಡಿಸಿ.